ಪ್ರತಿಮೆ ಯಾರದು, ನೆನಪು ಯಾರದು? ಕೊರಿಯಾದ ರಾಷ್ಟ್ರವೀರರು ಮತ್ತು ಅವರ ಸ್ಮಾರಕಗಳ ಕೈಪಿಡಿ

2023ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಸೇನಾ ಅಕಾಡೆಮಿ ತನ್ನ ಆವರಣದಲ್ಲಿದ್ದ ಒಂದು ಎದೆಮಟ್ಟದ ಪ್ರತಿಮೆಯನ್ನು ಅಲ್ಲಿಂದ ತೆಗೆದು ಬೇರೆಡೆ ಸಾಗಿಸುವುದಾಗಿ ಹೇಳಿತು. ಪ್ರತಿಮೆ ಹೊಂಗ್ ಬೊಮ್-ದೊ ಎಂಬ ಸೇನಾನಿಯದು. ಜಪಾನಿನ ಸೈನ್ಯವನ್ನು ಸೋಲಿಸಿದವನು, ಸತ್ತು 80 ವರ್ಷ ಆಗಿತ್ತು. ಅವನ ಮೇಲಿದ್ದ ಮುಖ್ಯ ಆರೋಪ: 1927ರಲ್ಲಿ ಸೋವಿಯತ್ ಕಮ್ಯುನಿಸ್ಟ್ ಪಕ್ಷ ಸೇರಿದ್ದ. ಅಷ್ಟಕ್ಕೇ ಸಂಸತ್ತಿನಲ್ಲಿ ಗದ್ದಲ, ಬೀದಿಯಲ್ಲಿ ಪ್ರತಿಭಟನೆ, ಟಿವಿಯಲ್ಲಿ ವಾರಗಟ್ಟಲೆ ಚರ್ಚೆ.

ನಾನು ಕೊರಿಯಾಗೆ ಎರಡು ಸಲ ಹೋಗಿಬಂದವನು. ಕೆ-ಡ್ರಾಮಾ ನೋಡೋ ಗೆಳೆಯರು "ಸಿಯೋಲ್‌ನಲ್ಲಿ ಏನೇನು ನೋಡಬೇಕು?" ಅಂತ ಕೇಳಿದಾಗಲೆಲ್ಲ ನಾನು ಕೊಡೋ ಪಟ್ಟಿಯಲ್ಲಿ ಜೈಲು, ಸ್ಮಶಾನ, ಸೇತುವೆ, ಪ್ರತಿಮೆಗಳೇ ಜಾಸ್ತಿ. ಯಾಕೆ ಅಂದರೆ ಕೊರಿಯಾದ ರಾಜಕೀಯ ಅರ್ಥ ಆಗೋದು ಅಲ್ಲೇ. ಆ ಪಟ್ಟಿಯನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆದಿದ್ದೇನೆ. ಪ್ರತಿ ಜಾಗದ ಬಗ್ಗೆಯೂ ಮೂರು ಪ್ರಶ್ನೆ ಕೇಳಿಕೊಳ್ಳೋಣ: ಇಲ್ಲಿ ಯಾರನ್ನು ನೆನೆಯುತ್ತಾರೆ? ಇದನ್ನು ಕಟ್ಟಿದವರು ಯಾರು? ಹೊರಗೆ ಉಳಿದವರು ಯಾರು?

ಮೊದಲು ಎರಡು ಪದ

ಕೊರಿಯನ್ ಭಾಷೆಯಲ್ಲಿ ಹುತಾತ್ಮರಿಗೆ ಒಂದೇ ಪದ ಇಲ್ಲ. ಆಯುಧ ಹಿಡಿದು ಹೋರಾಡಿ ಸತ್ತವರು 'ಉಯಿಸಾ'. ಬರಿಗೈಯಲ್ಲಿ ಪ್ರತಿಭಟಿಸಿ ಪ್ರಾಣ ಕೊಟ್ಟವರು 'ಯೊಲ್ಸಾ'. ಪಿಸ್ತೂಲು ಹಿಡಿದ ಆನ್ ಜುಂಗ್-ಗುನ್ ಉಯಿಸಾ. ಘೋಷಣೆ ಕೂಗಿ ಜೈಲು ಸೇರಿದ ಯು ಗ್ವಾನ್-ಸುನ್ ಯೊಲ್ಸಾ. ಸ್ವಾತಂತ್ರ್ಯ ಬಂದ ಎಷ್ಟೋ ವರ್ಷಗಳ ಮೇಲೆ, ಕಾರ್ಮಿಕರ ಹಕ್ಕಿಗಾಗಿ ಬೆಂಕಿ ಹಚ್ಚಿಕೊಂಡು ಸತ್ತ ಒಬ್ಬ ಟೈಲರ್‌ನನ್ನೂ ಜನ ಯೊಲ್ಸಾ ಅಂತಲೇ ಕರೆದರು. ಸರ್ಕಾರ ಪದಕ ಕೊಡುವ ಎಷ್ಟೋ ಮೊದಲೇ ಜನ ಈ ಪದ ಕೊಟ್ಟಿರುತ್ತಾರೆ. ಕೊರಿಯಾದಲ್ಲಿ ಗೌರವ ಸಲ್ಲೋದು ಎರಡು ಕಡೆಯಿಂದ, ಆ ಎರಡೂ ಯಾವಾಗಲೂ ಒಂದೇ ದಿಕ್ಕಿನಲ್ಲಿ ಇರೋದಿಲ್ಲ.

ಗ್ವಾಂಗ್‌ಹ್ವಾಮುನ್: ಸೇನಾನಿ ಮತ್ತು ದೊರೆ

ಸಿಯೋಲ್‌ನ ನಡುಮಧ್ಯದ ಗ್ವಾಂಗ್‌ಹ್ವಾಮುನ್ ಚೌಕದಲ್ಲಿ ಎರಡು ದೊಡ್ಡ ಪ್ರತಿಮೆಗಳಿವೆ. ಮುಂದೆ ನಿಂತಿರುವವನು ನೌಕಾ ಸೇನಾನಿ ಯಿ ಸುನ್-ಶಿನ್ (1545–1598). ಹಿಂದೆ ಕೂತಿರುವವನು ದೊರೆ ಸೇಜೊಂಗ್ (ಆಳ್ವಿಕೆ 1418–1450).

1592ರಲ್ಲಿ ಜಪಾನ್ ಕೊರಿಯಾ ಮೇಲೆ ದಂಡೆತ್ತಿ ಬಂದಾಗ ನೆಲದ ಮೇಲಿನ ಸೈನ್ಯ ಕುಸಿದುಹೋಯಿತು. ಸಮುದ್ರದಲ್ಲಿ ತಡೆದವನು ಯಿ. ಅವನಿಗೆ ಅರಮನೆಯಿಂದ ಸಿಕ್ಕ ಬಹುಮಾನ ಏನು ಗೊತ್ತಾ? 1597ರಲ್ಲಿ ಬಂಧನ, ಚಿತ್ರಹಿಂಸೆ, ಸಾಮಾನ್ಯ ಸೈನಿಕನ ದರ್ಜೆಗೆ ಹಿಂಬಡ್ತಿ. ಅವನಿಲ್ಲದ ನೌಕಾಪಡೆ ನಾಶವಾದ ಮೇಲೆ ಮತ್ತೆ ಅವನನ್ನೇ ಕರೆದರು. ಉಳಿದಿದ್ದ 13 ಹಡಗು ಇಟ್ಟುಕೊಂಡು ಮ್ಯೊಂಗ್‌ನ್ಯಾಂಗ್ ಜಲಸಂಧಿಯಲ್ಲಿ ನೂರಕ್ಕೂ ಹೆಚ್ಚು ಜಪಾನಿ ಹಡಗುಗಳನ್ನು ಹಿಮ್ಮೆಟ್ಟಿಸಿದ. ಮರುವರ್ಷ ನೊರ್ಯಾಂಗ್ ಕದನದಲ್ಲಿ ಗುಂಡು ತಗುಲಿ ಸತ್ತ. ಯುದ್ಧದ ನಡುವೆ ಬರೆದಿಟ್ಟ ಅವನ ದಿನಚರಿ 2013ರಲ್ಲಿ ಯುನೆಸ್ಕೋದ ವಿಶ್ವ ಸ್ಮೃತಿ ಪಟ್ಟಿಗೆ ಸೇರಿದೆ.

ಈ ಪ್ರತಿಮೆ ನಿಂತಿದ್ದು 1968ರಲ್ಲಿ, ಪಾರ್ಕ್ ಚುಂಗ್-ಹೀ ಆಡಳಿತದಲ್ಲಿ. ಪಾರ್ಕ್ 1961ರಲ್ಲಿ ಕ್ಷಿಪ್ರಕ್ರಾಂತಿ ಮಾಡಿ ಅಧಿಕಾರಕ್ಕೆ ಬಂದ ಮಿಲಿಟರಿ ಮನುಷ್ಯ. ಅದಕ್ಕೂ ಮೊದಲು, ಜಪಾನಿನ ಕೈಗೊಂಬೆ ರಾಜ್ಯವಾಗಿದ್ದ ಮಂಚುಕುವೊದ ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. ಜಪಾನಿನ ಸಮವಸ್ತ್ರ ತೊಟ್ಟಿದ್ದವನಿಗೆ ಜಪಾನನ್ನು ಸೋಲಿಸಿದವನ ಪ್ರತಿಮೆ ಯಾಕೆ ಬೇಕಾಯ್ತು? ದೇಶ ಅಂದರೆ ಶಿಸ್ತು, ನಾಯಕ ಅಂದರೆ ಸೈನಿಕ ಅನ್ನೋ ಚಿತ್ರ ಜನರ ಮನಸ್ಸಲ್ಲಿ ನಿಲ್ಲಿಸೋಕೆ ಯಿ ಸುನ್-ಶಿನ್‌ಗಿಂತ ಒಳ್ಳೆಯ ಮುಖ ಸಿಗುತ್ತಿರಲಿಲ್ಲ ಅನ್ನೋದು ನನ್ನ ಓದು.

ಸೇಜೊಂಗ್ ಪ್ರತಿಮೆ ಬಂದಿದ್ದು 2009ರ ಅಕ್ಟೋಬರ್ 9ರಂದು, ಹಂಗುಲ್ ದಿನದಂದು. ಚೀನೀ ಅಕ್ಷರ ಕಲಿಯಲಾಗದ ಸಾಮಾನ್ಯ ಜನ ಓದಲಿ, ಬರೆಯಲಿ ಅಂತ 1443ರಲ್ಲಿ ಹೊಸ ಲಿಪಿ ರೂಪಿಸಿ 1446ರಲ್ಲಿ ಹೊರಡಿಸಿದ ದೊರೆ ಅವನು. ಆಗ 28 ಅಕ್ಷರ, ಈಗ ಬಳಕೆಯಲ್ಲಿರೋದು 24. ಆಸ್ಥಾನದ ವಿದ್ವಾಂಸರಲ್ಲಿ ಕೆಲವರು ಈ ಲಿಪಿಯನ್ನು ನೇರವಾಗಿ ವಿರೋಧಿಸಿದ್ದರು. ಲಿಪಿಯೊಂದರ ಹುಟ್ಟನ್ನು ರಜೆ ಕೊಟ್ಟು ಆಚರಿಸುವ ದೇಶಗಳು ಬಹಳ ಇಲ್ಲ. ಹಾಗಂತ ಅದೂ ಸಲೀಸಾಗಿ ನಡೆದದ್ದಲ್ಲ: ರಜೆ ಜಾಸ್ತಿ ಆಯ್ತು ಅಂತ 1991ರಿಂದ ಹಂಗುಲ್ ದಿನದ ರಜೆ ರದ್ದಾಗಿ, ಭಾಷಾ ಸಂಘಟನೆಗಳ ಒತ್ತಡದ ಮೇಲೆ 2013ರಲ್ಲಿ ಮರಳಿತು.

ಈಗ ಈ ಚೌಕ ಪಾರ್ಕ್ ಅಂದುಕೊಂಡ ಹಾಗೆ ಉಳಿದಿಲ್ಲ. 2014ರಲ್ಲಿ ಸೆವೊಲ್ ಹಡಗು ಮುಳುಗಿ 304 ಜನ ಸತ್ತರು, ಹೆಚ್ಚಿನವರು ಪ್ರವಾಸ ಹೊರಟಿದ್ದ ಶಾಲಾ ಮಕ್ಕಳು. ಅವರ ತಂದೆತಾಯಂದಿರು ಇದೇ ಚೌಕದಲ್ಲಿ ಟೆಂಟ್ ಹಾಕಿ 2019ರವರೆಗೂ ಕೂತಿದ್ದರು. 2016–17ರ ಚಳಿಗಾಲದಲ್ಲಿ ಮೇಣದಬತ್ತಿ ಹಿಡಿದ ಲಕ್ಷಾಂತರ ಜನ ಇಲ್ಲೇ ಸೇರಿ ಒಬ್ಬ ಅಧ್ಯಕ್ಷೆಯನ್ನು ಕೆಳಗಿಳಿಸಿದರು. ಆಕೆ ಪಾರ್ಕ್ ಗುನ್-ಹೇ, ಸೇನಾನಿಯ ಪ್ರತಿಮೆ ನಿಲ್ಲಿಸಿದ ಅದೇ ಪಾರ್ಕ್ ಚುಂಗ್-ಹೀ ಮಗಳು.

ಆಸಾನ್: ಜನ ಕಟ್ಟಿದ್ದು, ಸರ್ಕಾರ ದೊಡ್ಡದು ಮಾಡಿದ್ದು

ಯಿ ಸುನ್-ಶಿನ್‌ನ ಮುಖ್ಯ ಸ್ಮಾರಕ ಇರೋದು ಸಿಯೋಲ್‌ನ ದಕ್ಷಿಣಕ್ಕೆ ಆಸಾನ್ ಊರಿನ ಹ್ಯೊನ್‌ಚುಂಗ್‌ಸಾದಲ್ಲಿ. ಮೊದಲು ಕಟ್ಟಿದ್ದು 1706ರಲ್ಲಿ. 1868ರಲ್ಲಿ ಅರಸೊತ್ತಿಗೆಯೇ ಮುಚ್ಚಿಸಿತು. ಜಪಾನಿನ ಆಳ್ವಿಕೆಯಲ್ಲಿ ಸಾಲದ ಕಾರಣಕ್ಕೆ ಯಿ ವಂಶಸ್ಥರ ಜಮೀನು ಹರಾಜಿಗೆ ಬರುವ ಹಂತ ಮುಟ್ಟಿದಾಗ ಪತ್ರಿಕೆಯಲ್ಲಿ ಸುದ್ದಿ ಬಂತು, ಊರೂರಿನಿಂದ ದೇಣಿಗೆ ಹರಿದುಬಂತು. ಆ ದುಡ್ಡಲ್ಲಿ ಸಾಲ ತೀರಿಸಿ 1932ರಲ್ಲಿ ಮಂದಿರವನ್ನು ಮತ್ತೆ ಕಟ್ಟಿದರು. ಜಪಾನಿನ ಅಧೀನದಲ್ಲಿದ್ದ ಜನ ಜಪಾನನ್ನು ಸೋಲಿಸಿದವನಿಗೆ ಚಿಲ್ಲರೆ ಕೂಡಿಸಿದರು ಅನ್ನೋದನ್ನ ಸ್ವಲ್ಪ ಯೋಚಿಸಿ ನೋಡಿ.

1960ರ ದಶಕದಲ್ಲಿ ಪಾರ್ಕ್ ಸರ್ಕಾರ ಇದನ್ನು ಭಾರಿ ಪ್ರಮಾಣದಲ್ಲಿ ವಿಸ್ತರಿಸಿತು. ಹೊಸ ಮಂದಿರದ ಫಲಕದಲ್ಲಿ ಪಾರ್ಕ್‌ನದೇ ಕೈಬರಹ ಇದೆ. ಜನರ ದೇಣಿಗೆಯ ಸಣ್ಣ ಹಳೇ ಮಂದಿರವೂ ಆವರಣದಲ್ಲಿ ಉಳಿದಿದೆ. ಬಸ್ಸಿಳಿದ ಪ್ರವಾಸಿಗಳು ನೇರ ದೊಡ್ಡದರ ಕಡೆ ಹೋಗ್ತಾರೆ. ನೀವು ಹೋದರೆ ಚಿಕ್ಕದನ್ನು ಹುಡುಕಿ ನೋಡಿ.

ಸೊದೆಮುನ್ ಜೈಲು: ಎರಡು ಕಾಲದ ಕೈದಿಗಳು

1908ರಲ್ಲಿ ಶುರುವಾದ ಸೊದೆಮುನ್ ಜೈಲು 1987ರವರೆಗೂ ಜೈಲಾಗಿಯೇ ಇತ್ತು. 1998ರಲ್ಲಿ ಮ್ಯೂಸಿಯಂ ಆಯಿತು. ಕೆಂಪು ಇಟ್ಟಿಗೆಯ ಕಟ್ಟಡ, ಕಿರಿದಾದ ಕೋಣೆಗಳು, ಹಿಂಬದಿಯ ಮೂಲೆಯಲ್ಲಿ ಮರದ ಹಲಗೆಯ ಗಲ್ಲು ಮನೆ.

ಇಲ್ಲಿ ಎಲ್ಲರೂ ಹುಡುಕೋ ಹೆಸರು ಯು ಗ್ವಾನ್-ಸುನ್. 1919ರ ಮಾರ್ಚ್ 1ರಂದು ಕೊರಿಯಾದ ಸ್ವಾತಂತ್ರ್ಯ ಘೋಷಣೆಗೆ 33 ಮುಖಂಡರು ಸಹಿ ಹಾಕಿದ್ದರು. ಅವರು ಒಂದು ಹೋಟೆಲಿನಲ್ಲಿ ಸೇರಿ, ತಾವೇ ಪೊಲೀಸರಿಗೆ ಸುದ್ದಿ ಕೊಟ್ಟು ಬಂಧನಕ್ಕೆ ಒಳಗಾದರು. ಆದರೆ ಹತ್ತಿರದ ತಾಪ್‌ಗೊಲ್ ಪಾರ್ಕಿನಲ್ಲಿ ಕಾಯುತ್ತಿದ್ದ ವಿದ್ಯಾರ್ಥಿಗಳು ಕಾಯೋದು ಬಿಟ್ಟು, ತಾವೇ ಘೋಷಣೆ ಓದಿ ಬೀದಿಗಿಳಿದರು. ಚಳವಳಿ ದೇಶವ್ಯಾಪಿ ಆಗಿದ್ದು ಹೀಗೆ. ಶಾಲೆ ಮುಚ್ಚಿದ್ದರಿಂದ ಊರಿಗೆ ಮರಳಿದ ಯು, ಏಪ್ರಿಲ್ 1ರಂದು ಆವುನೆ ಸಂತೆಯಲ್ಲಿ ಜನರನ್ನು ಸೇರಿಸಿದಳು. ಗೋಲಿಬಾರಿನಲ್ಲಿ ಅವಳ ಅಪ್ಪ ಅಮ್ಮ ಇಬ್ಬರೂ ಸತ್ತರು. ಜೈಲಿನಲ್ಲೂ ಅವಳು ಸುಮ್ಮನಿರಲಿಲ್ಲ. 1920ರ ಮಾರ್ಚ್ 1ಕ್ಕೆ ಒಳಗಿಂದಲೇ ಘೋಷಣೆ ಕೂಗಿಸಿದಳು. ಅದೇ ಸೆಪ್ಟೆಂಬರ್ 28ರಂದು ಸತ್ತಾಗ ಅವಳಿಗೆ 17 ವರ್ಷ. ಹೂತಿದ್ದ ಇಟೇವೊನ್ ಸ್ಮಶಾನವನ್ನು ಮುಂದೆ ಜಪಾನಿನವರು ತೆರವು ಮಾಡಿದಾಗ ಸಮಾಧಿಯೂ ಕಳೆದುಹೋಯಿತು. ಇಟೇವೊನ್ ಈಗ ಪಬ್ಬು, ರೆಸ್ಟೊರೆಂಟುಗಳ ಬಡಾವಣೆ.

1962ರಲ್ಲಿ ಅವಳಿಗೆ ಸಿಕ್ಕಿದ್ದು 3ನೇ ದರ್ಜೆಯ ಪದಕ. ಮೊದಲ ದರ್ಜೆ ಸಿಗೋಕೆ 2019ರವರೆಗೆ, ಅಂದರೆ ಚಳವಳಿಯ ನೂರನೇ ವರ್ಷದವರೆಗೆ ಕಾಯಬೇಕಾಯ್ತು. ಬಹಳ ಕಾಲ ಬಳಕೆಯಲ್ಲಿದ್ದ ಅವಳ ಅಧಿಕೃತ ಭಾವಚಿತ್ರ ಬರೆದ ಕಲಾವಿದನ ಮೇಲೆ ಜಪಾನಿನ ಆಳ್ವಿಕೆಗೆ ಸಹಕರಿಸಿದ ಆರೋಪ ಇತ್ತು. 2007ರಲ್ಲಿ ಹೊಸ ಚಿತ್ರ ಬಂತು.

ಆದರೆ ಈ ಜೈಲಿನ ಇನ್ನೊಂದು ಕತೆ ಇದೆ. 1945ಕ್ಕೆ ಜಪಾನ್ ಹೋಯ್ತು, ಗಲ್ಲು ಮನೆ ಉಳಿಯಿತು. ಚೊ ಬೊಂಗ್-ಆಮ್ ಸ್ವಾತಂತ್ರ್ಯ ಹೋರಾಟಗಾರ, ಸ್ವತಂತ್ರ ದಕ್ಷಿಣ ಕೊರಿಯಾದ ಮೊದಲ ಕೃಷಿ ಸಚಿವ. ಅಧ್ಯಕ್ಷೀಯ ಚುನಾವಣೆಯಲ್ಲಿ ಸಿಂಗ್‌ಮನ್ ರೀಗೆ ಎದುರಾಳಿಯಾಗಿ ನಿಂತ. ಬೇಹುಗಾರಿಕೆ ಆರೋಪ ಹೊರಿಸಿ 1959ರಲ್ಲಿ ಇಲ್ಲೇ ಗಲ್ಲಿಗೇರಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು ಅವನನ್ನು ನಿರ್ದೋಷಿ ಅಂದಿತು. 1975ರ ಏಪ್ರಿಲ್ 8ರಂದು ಪಾರ್ಕ್ ಆಡಳಿತದ ವಿರೋಧಿಗಳಾಗಿದ್ದ ಎಂಟು ಜನರ ಮರಣದಂಡನೆಯನ್ನು ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಒಂದು ದಿನವೂ ಪೂರ್ತಿ ಕಳೆಯುವ ಮೊದಲೇ, ಮರುದಿನ ಮುಂಜಾನೆ ಎಂಟೂ ಜನರನ್ನು ನೇಣಿಗೇರಿಸಿ ಆಗಿತ್ತು. ಅವರೂ ನಿರ್ದೋಷಿಗಳು ಅಂತ 2007ರಲ್ಲಿ ಮರುವಿಚಾರಣೆಯ ತೀರ್ಪು ಬಂತು. ಮ್ಯೂಸಿಯಂನ ಬಹುಪಾಲು ಪ್ರದರ್ಶನ 1945ರ ಹಿಂದಿನ ಕತೆ ಹೇಳುತ್ತದೆ. ಪರದೇಶದವರು ಕೊಂದದ್ದನ್ನು ನೆನೆಯೋದು ಸುಲಭ, ನಮ್ಮವರೇ ಕೊಂದದ್ದನ್ನು ನೆನೆಯೋದು ಕಷ್ಟ.

ನಾಮ್‌ಸಾನ್: ಒಂದೇ ಗುಡ್ಡ, ಮೂರು ಯಜಮಾನರು

ನಾಮ್‌ಸಾನ್ ಗುಡ್ಡ ಪ್ರವಾಸಿಗಳಿಗೆ ಗೊತ್ತಿರೋದು ಟವರ್ ಮತ್ತು ಪ್ರೇಮಿಗಳ ಬೀಗಗಳಿಂದ. ಅದರ ಇಳಿಜಾರಿನಲ್ಲಿ 1925ರಲ್ಲಿ ಜಪಾನ್ ಒಂದು ಭಾರಿ ಶಿಂತೊ ಮಂದಿರ ಕಟ್ಟಿತು, ಕೊರಿಯನ್ನರು ಬಂದು ತಲೆಬಾಗಬೇಕಿತ್ತು. 1945ರಲ್ಲಿ ಅದು ಹೋಯಿತು. 1956ರಲ್ಲಿ ಅದೇ ಜಾಗದಲ್ಲಿ ಅಧ್ಯಕ್ಷ ಸಿಂಗ್‌ಮನ್ ರೀ ಅವರ ಬೃಹತ್ ಪ್ರತಿಮೆ ಎದ್ದಿತು, ಅವರಿನ್ನೂ ಅಧಿಕಾರದಲ್ಲಿ ಇರುವಾಗಲೇ! 1960ರ ಏಪ್ರಿಲ್‌ನಲ್ಲಿ ಚುನಾವಣಾ ಅಕ್ರಮದ ವಿರುದ್ಧ ವಿದ್ಯಾರ್ಥಿಗಳು ಎದ್ದರು, ರೀ ದೇಶ ಬಿಟ್ಟರು, ಆ ಪ್ರತಿಮೆಯನ್ನೂ ಅದೇ ವರ್ಷ ಕೆಡವಲಾಯಿತು. 1970ರಲ್ಲಿ ಅದೇ ಆಸುಪಾಸಿನಲ್ಲಿ ಆನ್ ಜುಂಗ್-ಗುನ್ ಸ್ಮಾರಕ ಭವನ ಬಂತು. ಈಗಿರುವ ಕಟ್ಟಡ 2010ರದು.

ಆನ್ 1909ರ ಅಕ್ಟೋಬರ್ 26ರಂದು ಹಾರ್ಬಿನ್ ರೈಲು ನಿಲ್ದಾಣದಲ್ಲಿ ಜಪಾನಿನ ಮಾಜಿ ಪ್ರಧಾನಿ ಇತೊ ಹಿರೊಬುಮಿಯನ್ನು ಗುಂಡಿಟ್ಟು ಕೊಂದ. ಕೊರಿಯಾವನ್ನು ಜಪಾನಿನ ಸಂರಕ್ಷಿತ ರಾಜ್ಯ ಮಾಡಿ ಅದರ ಮೊದಲ ರೆಸಿಡೆಂಟ್ ಜನರಲ್ ಆಗಿ ಕೂತಿದ್ದವನು ಇತೊ. ಅದಕ್ಕೂ ಮೊದಲು ಆನ್ ಮತ್ತು ಸಂಗಾತಿಗಳು ಪ್ರತಿಜ್ಞೆಯ ಗುರುತಾಗಿ ಉಂಗುರ ಬೆರಳಿನ ತುದಿ ಕತ್ತರಿಸಿಕೊಂಡಿದ್ದರು. ಜೈಲಿನಲ್ಲಿ ಬರೆದ ಕೈಬರಹಗಳ ಕೆಳಗೆ ಸಹಿಯ ಜೊತೆ ಅವನು ಒತ್ತುತ್ತಿದ್ದದ್ದು ಆ ಮೊಂಡು ಬೆರಳಿನ ಅಂಗೈ ಗುರುತು. ಇವತ್ತು ಟಿ-ಶರ್ಟಿನ ಮೇಲೂ ಅದು ಕಾಣುತ್ತದೆ.

ಪೂರ್ವ ಏಷ್ಯಾದ ದೇಶಗಳು ಸರಿಸಮಾನರಾಗಿ ಕೂಡಿ ಬಾಳಬೇಕು ಅನ್ನೋ ಪ್ರಬಂಧವೊಂದನ್ನು ಅವನು ಜೈಲಿನಲ್ಲಿ ಬರೆಯುತ್ತಿದ್ದ. ಮುಗಿಸುವ ಮೊದಲೇ, 1910ರ ಮಾರ್ಚ್ 26ರಂದು ಲ್ಯುಶುನ್ ಜೈಲಿನಲ್ಲಿ ಗಲ್ಲಾಯಿತು. 2014ರಲ್ಲಿ ಚೀನಾ ಹಾರ್ಬಿನ್ ನಿಲ್ದಾಣದಲ್ಲಿ ಅವನ ಸ್ಮಾರಕ ತೆರೆದಾಗ ಜಪಾನ್ ಸರ್ಕಾರದ ವಕ್ತಾರರು ಅವನನ್ನು ಭಯೋತ್ಪಾದಕ ಅಂದರು. ಇನ್ನೊಂದು ಕಡೆ, ಜಪಾನಿನದೇ ಮಿಯಾಗಿ ಪ್ರಾಂತ್ಯದ ದಾಯಿರಿಂಜಿ ಬೌದ್ಧ ದೇಗುಲದಲ್ಲಿ ಆನ್‌ನನ್ನು ಗೌರವದಿಂದ ನೆನೆಯುತ್ತಾರೆ. ಜೈಲಿನಲ್ಲಿ ಅವನ ಕಾವಲಿಗಿದ್ದ ಜಪಾನಿ ಸಿಪಾಯಿ ಚಿಬಾ ತೊಶಿಚಿ, ಕೈದಿ ಬರೆದುಕೊಟ್ಟ ಕೈಬರಹವನ್ನು ಸಾಯುವವರೆಗೂ ಕಾಪಾಡಿಕೊಂಡಿದ್ದ.

ಹ್ಯೊಚಾಂಗ್ ಪಾರ್ಕ್: ಖಾಲಿ ಸಮಾಧಿ

ನನ್ನನ್ನು ಬಹಳ ಕಾಡಿದ ಜಾಗ ಇದು. ಬಡಾವಣೆಯ ನಡುವಿನ ಸಾಧಾರಣ ಪಾರ್ಕು. ವಾಕಿಂಗ್ ಮಾಡೋ ಹಿರಿಯರು, ನಾಯಿ ಹಿಡಿದು ಬಂದವರು. ಒಳಗೆ ಒಂದು ಸಾಲಿನಲ್ಲಿ ಹುಲ್ಲು ಹೊದ್ದ ಸಮಾಧಿ ದಿಬ್ಬಗಳು. ಮೂರು ಕ್ರಾಂತಿಕಾರಿಗಳದ್ದು: 1932ರ ಜನವರಿಯಲ್ಲಿ ಟೋಕಿಯೊದಲ್ಲಿ ಜಪಾನಿನ ಚಕ್ರವರ್ತಿಯ ಮೆರವಣಿಗೆ ಮೇಲೆ ಬಾಂಬೆಸೆದ ಲೀ ಬೊಂಗ್-ಚಾಂಗ್, ಅದೇ ಏಪ್ರಿಲ್‌ನಲ್ಲಿ ಶಾಂಘೈನ ಪಾರ್ಕಿನಲ್ಲಿ ಜಪಾನಿ ಸೇನಾಧಿಕಾರಿಗಳ ಮೇಲೆ ಬಾಂಬೆಸೆದ ಯುನ್ ಬೊಂಗ್-ಗಿಲ್, ಅರಾಜಕತಾವಾದಿ ಬೇಕ್ ಜೊಂಗ್-ಗಿ. ಪಕ್ಕದ ನಾಲ್ಕನೇ ದಿಬ್ಬದ ಒಳಗೆ ಯಾರೂ ಇಲ್ಲ. ಅದು ಆನ್ ಜುಂಗ್-ಗುನ್‌ಗೆ ಕಾದಿರಿಸಿದ್ದು. ಜಪಾನಿನ ಅಧಿಕಾರಿಗಳು ಶವವನ್ನು ಮನೆಯವರಿಗೆ ಕೊಡಲಿಲ್ಲ, ಎಲ್ಲಿ ಹೂತರೋ ಇವತ್ತಿಗೂ ಸಿಕ್ಕಿಲ್ಲ.

ಈ ಸಾಲನ್ನು ಮಾಡಿಸಿದವನು ಗಡಿಪಾರಿನಲ್ಲಿದ್ದ ತಾತ್ಕಾಲಿಕ ಸರ್ಕಾರದ ನಾಯಕ ಕಿಮ್ ಗು. ಉತ್ತರ, ದಕ್ಷಿಣ ಅಂತ ಎರಡು ದೇಶ ಆಗಬಾರದು ಅಂತ ಕೊನೆವರೆಗೂ ಹಟ ಹಿಡಿದವನು. 1949ರ ಜೂನ್ 26ರಂದು ಅವನ ಮನೆಯಲ್ಲೇ ದಕ್ಷಿಣ ಕೊರಿಯಾದ ಒಬ್ಬ ಸೇನಾ ಲೆಫ್ಟಿನೆಂಟ್ ಗುಂಡಿಟ್ಟು ಕೊಂದ. ಅವನ ಸಮಾಧಿಯೂ ಇದೇ ಪಾರ್ಕಿನಲ್ಲಿದೆ. ಅವನು ಸತ್ತ ಮನೆ ಈಗ ಒಂದು ದೊಡ್ಡ ಆಸ್ಪತ್ರೆಯ ಆವರಣದಲ್ಲಿ ಮ್ಯೂಸಿಯಂ ಆಗಿದೆ. ಸಮಾಧಿಗಳ ಪಕ್ಕದಲ್ಲೇ 1960ರಲ್ಲಿ ಒಂದು ಫುಟ್ಬಾಲ್ ಸ್ಟೇಡಿಯಂ ಎದ್ದಿತು. ಜಾಗ ಇದ್ದದ್ದು ಇಲ್ಲೇ ಮಾತ್ರ ಅಂತ ನಂಬೋರು ಕಡಿಮೆ. ಯೋಜನೆ ಕಿಮ್ ಗು ಅವರ ರಾಜಕೀಯ ಎದುರಾಳಿ ರೀ ಕಾಲದ್ದು.

ಚೊನಾನ್: ಕೆಡವಿದ್ದನ್ನೂ ಇಟ್ಟುಕೊಂಡವರು

1982ರಲ್ಲಿ ಜಪಾನಿನ ಶಾಲಾ ಪಠ್ಯಪುಸ್ತಕಗಳು ಆಕ್ರಮಣದ ಇತಿಹಾಸವನ್ನು ತೆಳುಮಾಡುತ್ತಿವೆ ಅನ್ನೋ ಸುದ್ದಿ ಬಂದಾಗ ಕೊರಿಯಾದಲ್ಲಿ ಸಿಟ್ಟು ಹೊತ್ತಿಕೊಂಡಿತು. ಸಿಟ್ಟು ದೇಣಿಗೆಯಾಯಿತು, ದೇಣಿಗೆಯಿಂದ ಚೊನಾನ್ ಊರಿನಲ್ಲಿ ಸ್ವಾತಂತ್ರ್ಯ ಭವನ ಕಟ್ಟಿ 1987ರ ಆಗಸ್ಟ್ 15ರಂದು ತೆರೆದರು. (ಹೌದು, ಅವರ ಸ್ವಾತಂತ್ರ್ಯ ದಿನವೂ ಆಗಸ್ಟ್ 15, ವರ್ಷ 1945.)

ಭವನಕ್ಕಿಂತ ನನಗೆ ಇಷ್ಟ ಆಗಿದ್ದು ಹೊರಗಿನ ಒಂದು ತಗ್ಗು. ಸಿಯೋಲ್‌ನಲ್ಲಿ ಅರಮನೆಯ ಮುಂದೆ ಅಡ್ಡಲಾಗಿ ಕಟ್ಟಿದ್ದ ಜಪಾನಿನ ಗವರ್ನರ್ ಜನರಲ್ ಕಚೇರಿಯನ್ನು 1995ರ ಆಗಸ್ಟ್ 15ರಿಂದ ಕೆಡವಿದರು. ಅದರ ಗೋಪುರದ ಶಿಖರ, ಕಂಬದ ತುಂಡುಗಳನ್ನು ಇಲ್ಲಿ ತಂದು, ನೆಲಮಟ್ಟಕ್ಕಿಂತ ಕೆಳಗೆ, ಸೂರ್ಯ ಮುಳುಗುವ ಪಶ್ಚಿಮದ ಬದಿಗೆ ಇಟ್ಟಿದ್ದಾರೆ. ನೋಡುವವರು ಮೇಲಿಂದ ಕೆಳಗೆ ನೋಡಬೇಕು. ಅಳಿಸಿ ಹಾಕೋದೂ ಅಲ್ಲ, ಪೂಜೆ ಮಾಡೋದೂ ಅಲ್ಲ, ಹೀಗೂ ಒಂದು ದಾರಿ ಇದೆ.

ಜಗಳ ಇಲ್ಲೂ ತಪ್ಪಿಲ್ಲ. 2024ರಲ್ಲಿ ಈ ಭವನಕ್ಕೆ ಸರ್ಕಾರ ನೇಮಿಸಿದ ಮುಖ್ಯಸ್ಥರ ಇತಿಹಾಸದ ನಿಲುವನ್ನು ಒಪ್ಪದ ಸ್ವಾತಂತ್ರ್ಯ ಹೋರಾಟಗಾರರ ವಂಶಸ್ಥರ ಸಂಘ, ಆ ವರ್ಷದ ಆಗಸ್ಟ್ 15ರ ಸರ್ಕಾರಿ ಕಾರ್ಯಕ್ರಮ ಬಹಿಷ್ಕರಿಸಿ ಕಿಮ್ ಗು ಮ್ಯೂಸಿಯಂನಲ್ಲಿ ತನ್ನದೇ ಆಚರಣೆ ಮಾಡಿತು. ಒಂದೇ ಸ್ವಾತಂತ್ರ್ಯಕ್ಕೆ ಎರಡು ಸಭೆ.

ಒಂದೇ ಸ್ಮಶಾನದಲ್ಲಿ ಬೇಟೆಗಾರ ಮತ್ತು ಜನರಲ್

ಈಗ ಮೊದಲಿನ ಪ್ರತಿಮೆಗೆ ಬರೋಣ. ಹೊಂಗ್ ಬೊಮ್-ದೊ ವೃತ್ತಿಯಲ್ಲಿ ಬೇಟೆಗಾರ. ಜಪಾನ್ ಬೇಟೆಗಾರರ ಬಂದೂಕು ಕಿತ್ತುಕೊಳ್ಳಲು ಹೊರಟಾಗ ಗೆರಿಲ್ಲಾ ಆದ. 1920ರ ಜೂನ್‌ನಲ್ಲಿ ಮಂಚೂರಿಯಾದ ಫೆಂಗ್‌ವುದೊಂಗ್‌ನಲ್ಲಿ ಜಪಾನಿನ ಪಡೆಯನ್ನು ಸೋಲಿಸಿದ. ಮುಂದೆ ರಷ್ಯಾಗೆ ಹೋದ, ಪಕ್ಷ ಸೇರಿದ. ಆ ಪಕ್ಷದ ಸರ್ಕಾರವೇ 1937ರಲ್ಲಿ ದೂರ ಪೂರ್ವದಲ್ಲಿದ್ದ ಒಂದೂವರೆ ಲಕ್ಷಕ್ಕೂ ಹೆಚ್ಚು ಕೊರಿಯನ್ನರನ್ನು ರೈಲಿಗೆ ತುಂಬಿ ಮಧ್ಯ ಏಷ್ಯಾಗೆ ಸಾಗಿಸಿತು. ಅವರಲ್ಲಿ ಹೊಂಗ್ ಕೂಡ ಒಬ್ಬ. ಕಝಾಕ್‌ಸ್ತಾನದ ಕಿಝಿಲೊರ್ಡಾದಲ್ಲಿ ಕೊರಿಯನ್ ನಾಟಕ ಮಂದಿರದ ಕಾವಲುಗಾರನಾಗಿ ದುಡಿದು 1943ರಲ್ಲಿ ಸತ್ತ. ತಾಯ್ನಾಡು ಸ್ವತಂತ್ರ ಆಗೋದನ್ನ ನೋಡಲಿಲ್ಲ.

ಅವನಿಗೆ 1962ರಲ್ಲಿ ಪದಕ ಕೊಟ್ಟದ್ದು ಕಮ್ಯುನಿಸ್ಟರ ಕಡುವಿರೋಧಿ ಪಾರ್ಕ್ ಚುಂಗ್-ಹೀ ಆಡಳಿತ. 2016ರಲ್ಲಿ ಪಾರ್ಕ್ ಗುನ್-ಹೇ ಕಾಲದಲ್ಲಿ ನೌಕಾಪಡೆಯ ಜಲಾಂತರ್ಗಾಮಿಗೆ ಅವನ ಹೆಸರಿಟ್ಟರು. 2018ರ ಮಾರ್ಚ್ 1ರಂದು ಸೇನಾ ಅಕಾಡೆಮಿಯಲ್ಲಿ ಅವನೂ ಸೇರಿ ಐವರ ಪ್ರತಿಮೆ ನಿಂತವು. ಸೈನಿಕರು ತರಬೇತಿಯಲ್ಲಿ ಹಾರಿಸಿದ ಗುಂಡುಗಳ ಖಾಲಿ ತೋಟೆಗಳನ್ನು ಕರಗಿಸಿ ಎರಕ ಹೊಯ್ದದ್ದು. 2021ರ ಆಗಸ್ಟ್ 15ರಂದು ಅವನ ಅಸ್ಥಿ ಯುದ್ಧವಿಮಾನಗಳ ಬೆಂಗಾವಲಿನಲ್ಲಿ ಕೊರಿಯಾಗೆ ಬಂತು, ಡೇಜೊನ್‌ನ ರಾಷ್ಟ್ರೀಯ ಸ್ಮಶಾನದಲ್ಲಿ ಮಣ್ಣಾಯಿತು. ಎರಡು ವರ್ಷಕ್ಕೆ ಅದೇ ಸರ್ಕಾರಿ ವ್ಯವಸ್ಥೆಗೆ ಅವನು ಬೇಡವಾದ.

ಅದೇ ಸ್ಮಶಾನದಲ್ಲಿ 2020ರಿಂದ ಜನರಲ್ ಬೇಕ್ ಸುನ್-ಯೊಪ್ ಸಮಾಧಿಯೂ ಇದೆ. ಕೊರಿಯಾ ಯುದ್ಧದಲ್ಲಿ ದಾಬುದೊಂಗ್ ಕದನ ಗೆದ್ದವರು, ಬಲಪಂಥೀಯರ ಪಾಲಿಗೆ ದೇಶ ಉಳಿಸಿದ ವೀರ. ಅದಕ್ಕೂ ಮೊದಲು ಮಂಚುಕುವೊ ಸೈನ್ಯದಲ್ಲಿ, ಜಪಾನ್ ವಿರೋಧಿ ಗೆರಿಲ್ಲಾಗಳನ್ನು ಬೇಟೆಯಾಡಲು ಕಟ್ಟಿದ್ದ ವಿಶೇಷ ಪಡೆಯಲ್ಲಿದ್ದವರು. ಸ್ಮಶಾನದ ಜಾಲತಾಣದ ದಾಖಲೆಯಲ್ಲಿ ಅವರ ಹೆಸರಿನ ಮುಂದೆ ಈ ವಿಷಯದ ಟಿಪ್ಪಣಿ ಇತ್ತು. 2023ರ ಜುಲೈನಲ್ಲಿ ಆ ಟಿಪ್ಪಣಿ ತೆಗೆದರು. ಮರು ತಿಂಗಳೇ ಹೊಂಗ್ ಪ್ರತಿಮೆ ತೆಗೆಯುವ ಮಾತು ಬಂತು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಹೆಚ್ಚು ವಿವರಣೆ ಬೇಕಾಗಿಲ್ಲ.

ಜಪಾನಿನ ಸಹಕಾರಿಗಳು ಯಾರು ಅನ್ನೋ ಪ್ರಶ್ನೆಗೆ ಸರ್ಕಾರಕ್ಕೆ ಕಾಯದೆ ಸಂಶೋಧಕರೇ ಉತ್ತರ ಬರೆದಿದ್ದಾರೆ. 2009ರ ನವೆಂಬರ್‌ನಲ್ಲಿ ಪ್ರಕಟವಾದ ಜೀವನಚರಿತ್ರೆ ಕೋಶದಲ್ಲಿ 4,389 ಹೆಸರುಗಳಿವೆ. ಪಾರ್ಕ್ ಚುಂಗ್-ಹೀ ಹೆಸರೂ ಇದೆ, ಬೇಕ್ ಹೆಸರೂ ಇದೆ. ಇನ್ನು, ಸಶಸ್ತ್ರ ಹೋರಾಟದ ದೊಡ್ಡ ಹೆಸರು ಕಿಮ್ ವೊನ್-ಬೊಂಗ್ 1948ರಲ್ಲಿ ಉತ್ತರಕ್ಕೆ ಹೋದ ಒಂದೇ ಕಾರಣಕ್ಕೆ ದಕ್ಷಿಣದಲ್ಲಿ ಪದಕ ಇಲ್ಲದವನು. 2015ರ 'ಅಸಾಸಿನೇಷನ್' ಸಿನಿಮಾ ನೋಡಿದವರಿಗೆ ಅವನ ಪಾತ್ರ ನೆನಪಿರಬಹುದು.

ಸೇನಾನಿಯಲ್ಲದ ವೀರರು

*ಜೊನ್ ತೇ-ಇಲ್.* ಸಿಯೋಲ್‌ನ ಚೊಂಗ್‌ಗೆಚೊನ್ ತೊರೆಯ ಮೇಲಿನ ಒಂದು ಸೇತುವೆಯಲ್ಲಿ ಸೊಂಟದವರೆಗಿನ ಕಂಚಿನ ಹುಡುಗ ಎದ್ದು ನಿಂತಿದ್ದಾನೆ. ಪಕ್ಕದ ಪ್ಯೊಂಗ್‌ಹ್ವಾ ಮಾರ್ಕೆಟ್ಟಿನ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದವನು. ಹಸಿದ ಎಳೇ ಹುಡುಗಿಯರಿಗೆ ತನ್ನ ಬಸ್ ಚಾರ್ಜಿನ ದುಡ್ಡಲ್ಲಿ ಬನ್ನು ಕೊಡಿಸಿ ತಾನು ಮನೆಗೆ ನಡೆದು ಹೋಗುತ್ತಿದ್ದ. ದೇಶದಲ್ಲಿ ಕಾರ್ಮಿಕ ಕಾಯ್ದೆ ಇದೆ, ಯಾರೂ ಪಾಲಿಸುತ್ತಿಲ್ಲ ಅಂತ ಗೊತ್ತಾದಾಗ ಮನವಿ ಕೊಟ್ಟ, ಸಮೀಕ್ಷೆ ಮಾಡಿದ, ಸೋತ. 1970ರ ನವೆಂಬರ್ 13ರಂದು, 22ನೇ ವಯಸ್ಸಿನಲ್ಲಿ, ಮೈಗೆ ಬೆಂಕಿ ಹಚ್ಚಿಕೊಂಡ. ಆಗ ಕೂಗಿದ್ದು, ಕಾಯ್ದೆ ಪಾಲಿಸಿ, ನಾವು ಯಂತ್ರಗಳಲ್ಲ ಅಂತ. ಅವನ ತಾಯಿ ಲೀ ಸೊ-ಸುನ್ 2011ರಲ್ಲಿ ಸಾಯುವವರೆಗೂ ಕಾರ್ಮಿಕರ ಜೊತೆ ಬೀದಿಯಲ್ಲಿದ್ದರು. ಸರ್ಕಾರದ ಪದಕ ಬಂದಿದ್ದು 2020ರಲ್ಲಿ, ಸರಿಯಾಗಿ 50 ವರ್ಷಕ್ಕೆ.

*ಕುರ್ಚಿಯ ಮೇಲಿನ ಹುಡುಗಿ.* ಎರಡನೇ ಮಹಾಯುದ್ಧದಲ್ಲಿ ಜಪಾನಿನ ಸೈನ್ಯ ಲೈಂಗಿಕ ಗುಲಾಮಗಿರಿಗೆ ತಳ್ಳಿದ ಮಹಿಳೆಯರಲ್ಲಿ ಕಿಮ್ ಹಾಕ್-ಸುನ್ 1991ರ ಆಗಸ್ಟ್ 14ರಂದು ಕ್ಯಾಮೆರಾ ಮುಂದೆ ಬಂದು ಮಾತಾಡಿದರು. 1992ರ ಜನವರಿಯಿಂದ ಜಪಾನ್ ರಾಯಭಾರ ಕಚೇರಿ ಮುಂದೆ ಪ್ರತಿ ಬುಧವಾರ ಪ್ರತಿಭಟನೆ. 2011ರ ಡಿಸೆಂಬರ್ 14ರಂದು ಸಾವಿರನೇ ಬುಧವಾರಕ್ಕೆ ಅಲ್ಲೇ ಈ ಪ್ರತಿಮೆ ಇಟ್ಟರು. ಬರಿಗಾಲು, ನೆಲ ಮುಟ್ಟದ ಹಿಮ್ಮಡಿ, ಹೆಗಲ ಮೇಲೆ ಹಕ್ಕಿ, ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಆ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಬಹುದು ಅನ್ನೋದು ಶಿಲ್ಪಿಗಳ ಯೋಚನೆ. ಚಳಿಗಾಲದಲ್ಲಿ ಜನ ಅವಳಿಗೆ ಉಲ್ಲನ್ ಟೋಪಿ, ಮಫ್ಲರ್ ಹಾಕಿ ಹೋಗುತ್ತಾರೆ.

*ಗ್ವಾಂಗ್ಜು.* 1980ರ ಮೇ 18ರಿಂದ 27ರವರೆಗೆ ಈ ಊರಿನ ಜನ ಚುನ್ ದೂ-ಹ್ವಾನ್‌ನ ಸೇನಾಡಳಿತದ ವಿರುದ್ಧ ನಿಂತರು, ಸೈನ್ಯ ಅವರನ್ನು ಕೊಂದಿತು. ಶವಗಳನ್ನು ಕಸದ ಲಾರಿಯಲ್ಲಿ ಮಾಂಗ್‌ವೊಲ್-ದೊಂಗ್ ಸ್ಮಶಾನಕ್ಕೆ ಸಾಗಿಸಿದ್ದರು. ಮುಂದೆ ವರ್ಷಗಟ್ಟಲೆ ಅಲ್ಲಿಗೆ ಹೋಗೋದೇ ಅಪರಾಧ ಅನ್ನೋ ಸ್ಥಿತಿ. 1997ರಲ್ಲಿ ಹೊಸ ಸ್ಮಶಾನ ಕಟ್ಟಿ ಶವಗಳನ್ನು ಸ್ಥಳಾಂತರಿಸಿದರು. 2002ರಲ್ಲಿ ಅದಕ್ಕೆ ರಾಷ್ಟ್ರೀಯ ಸ್ಥಾನ ಸಿಕ್ಕಿತು. ಹಳೇ ಸ್ಮಶಾನದ ಬಾಗಿಲಲ್ಲಿ ಚುನ್ ಹೆಸರು ಕೆತ್ತಿದ್ದ ಕಲ್ಲೊಂದನ್ನು ಒಡೆದು ನೆಲಕ್ಕೆ ಹುಗಿದಿದ್ದಾರೆ, ಬರೋರೆಲ್ಲ ತುಳಿದು ಒಳಗೆ ಹೋಗಲಿ ಅಂತ. ನಾನೂ ತುಳಿದೆ. ಊರೊಳಗಿನ ಜೊನಿಲ್ ಕಟ್ಟಡದಲ್ಲಿ ವಿಧಿವಿಜ್ಞಾನ ತಜ್ಞರು ಮೊದಲು ಲೆಕ್ಕ ಹಾಕಿದ ಗುಂಡಿನ ಗುರುತುಗಳು 245. ಕಟ್ಟಡದ ಈಗಿನ ಹೆಸರೂ ಜೊನಿಲ್ 245.

ಗ್ವಾಂಗ್ಜು ನೆನಪು ಬರೀ ನೆನಪಾಗಿ ಉಳಿಯಲಿಲ್ಲ. 2024ರ ಡಿಸೆಂಬರ್ 3ರ ರಾತ್ರಿ ಅಧ್ಯಕ್ಷ ಯೂನ್ ಸುಕ್-ಯೊಲ್ ಮಾರ್ಷಲ್ ಲಾ ಘೋಷಿಸಿದಾಗ ಸಾವಿರಾರು ಜನ ಮಲಗಿದ್ದವರು ಎದ್ದು ಸಂಸತ್ತಿನ ಮುಂದೆ ಬಂದು ನಿಂತರು. ಕೆಲವೇ ಗಂಟೆಗಳಲ್ಲಿ, ಹಾಜರಿದ್ದ 190 ಸಂಸದರೂ ಒಮ್ಮತದಿಂದ ಅದನ್ನು ತಳ್ಳಿಹಾಕಿದರು. 2025ರ ಏಪ್ರಿಲ್ 4ರಂದು ಸಾಂವಿಧಾನಿಕ ನ್ಯಾಯಾಲಯ ಯೂನ್ ಅವರನ್ನು ವಜಾ ಮಾಡಿತು. ಹೊಂಗ್ ಪ್ರತಿಮೆ ಬೇಡ ಅಂದದ್ದು ಇದೇ ಯೂನ್ ಅವರ ಆಡಳಿತ. ಸೈನ್ಯ ಬೀದಿಗೆ ಬಂದರೆ ಏನಾಗುತ್ತೆ ಅಂತ ಆ ಜನರಿಗೆ ಕಲಿಸಿದ್ದರಲ್ಲಿ ಮಾಂಗ್‌ವೊಲ್-ದೊಂಗ್ ಸಮಾಧಿಗಳ ಪಾಲು ದೊಡ್ಡದು ಅಂತ ನಾನು ನಂಬುತ್ತೇನೆ.

ಕೊಡಗಿನ ಒಬ್ಬರು

ಈ ಕತೆಯಲ್ಲಿ ನಮ್ಮವರೂ ಇದ್ದಾರೆ. 1953ರ ಕದನವಿರಾಮದ ನಂತರ ತಮ್ಮ ದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ವಿಷಯ ಬಗೆಹರಿಸಲು ಐದು ತಟಸ್ಥ ದೇಶಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರು ಮಡಿಕೇರಿಯ ಕೆ.ಎಸ್. ತಿಮ್ಮಯ್ಯ. ಭಾರತದ ಸೈನಿಕರು ದಕ್ಷಿಣ ಕೊರಿಯಾದ ನೆಲ ಮೆಟ್ಟಬಾರದು ಅಂತ ರೀ ಹಟ ಹಿಡಿದಿದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಸೇನಾಮುಕ್ತ ವಲಯಕ್ಕೆ ಇಳಿಸಬೇಕಾಯ್ತು. ಉತ್ತರವೂ ಬೇಡ ದಕ್ಷಿಣವೂ ಬೇಡ ಅಂದ ಕೆಲವು ಕೈದಿಗಳು ಕೊನೆಗೆ ಹಡಗು ಹತ್ತಿ ಭಾರತಕ್ಕೆ ಬಂದರು. ಚೊಯ್ ಇನ್-ಹುನ್ ಅವರ 1960ರ ಪ್ರಸಿದ್ಧ ಕಾದಂಬರಿ 'ಚೌಕ'ದ ನಾಯಕ ಅಂಥವನೇ. ಅಂಥವರಿಗೆ ಎರಡೂ ಕೊರಿಯಾಗಳ ವೀರರ ಪಟ್ಟಿಯಲ್ಲಿ ಜಾಗ ಇಲ್ಲ. ತಿಮ್ಮಯ್ಯನವರ ಮಡಿಕೇರಿಯ ಮನೆ 'ಸನ್ನಿ ಸೈಡ್' 2021ರಿಂದ ಮ್ಯೂಸಿಯಂ ಆಗಿದೆ. ಹೋದಾಗ ಈ ಅಧ್ಯಾಯವೂ ನೆನಪಿರಲಿ.

ಹೋಗುವವರಿಗೆ

ಮಾರ್ಚ್ 1, ಜೂನ್ 6, ಆಗಸ್ಟ್ 15, ಅಕ್ಟೋಬರ್ 9: ಈ ನಾಲ್ಕು ದಿನಗಳಲ್ಲಿ ಒಂದನ್ನಾದರೂ ಅಲ್ಲಿರುವಂತೆ ನೋಡಿಕೊಳ್ಳಿ. ಜೂನ್ 6 ಹುತಾತ್ಮರ ದಿನ; ಬೆಳಿಗ್ಗೆ 10ಕ್ಕೆ ದೇಶಾದ್ಯಂತ ಸೈರನ್ ಒಂದು ನಿಮಿಷ ಮೊಳಗುತ್ತದೆ. ಸಿಯೋಲ್ ಒಳಗಿನ ಜಾಗಗಳಿಗೆ ಎರಡು ದಿನ ಸಾಕು, ಎಲ್ಲದಕ್ಕೂ ಮೆಟ್ರೊ ಇದೆ. ಆಸಾನ್ ಮತ್ತು ಚೊನಾನ್ ಅಕ್ಕಪಕ್ಕದ ಊರುಗಳು, ಒಂದೇ ದಿನದಲ್ಲಿ ಮುಗಿಯುತ್ತವೆ. ಗ್ವಾಂಗ್ಜುಗೆ ಪೂರ್ತಿ ಒಂದು ದಿನ ಇಡಿ.

ಹ್ಯೊಚಾಂಗ್ ಪಾರ್ಕನ್ನು ಕೊನೆಗೆ ಇಟ್ಟುಕೊಳ್ಳಿ. ನಾನು ಹೋದ ದಿನ ಆ ನಾಲ್ಕನೇ ದಿಬ್ಬದ ಮುಂದೆ ಯಾರೋ ಬಿಳಿ ಸೇವಂತಿಗೆ ಇಟ್ಟು ಹೋಗಿದ್ದರು. ಪಕ್ಕದ ಮೂರಕ್ಕೂ ಒಂದೊಂದು ಹೂವು, ಇದಕ್ಕೂ ಒಂದು.